ಕೆಮ್ಮಿನ ಕಷಾಯ

ಮಾಗಡಿ ಪೇಟೆಯ ಚನ್ನಲಿಂಗಪ್ಪನವರ ಗ್ರಂಧಿಗೆ ಅಂಗಡಿ ಗೊತ್ತಿಲ್ಲದವರು ಆ ತಾಲ್ಲೂಕಿನಲ್ಲಿ ಹೆಣ್ಣು ಕೊಟ್ಟು ತಂದವರೇ ಅಲ್ಲ. ಕಲ್ಯದವರಾಗಲಿ ಕೆಂಪಾಪುರದವರಾಗಲಿ, ಮಗಳನ್ನು ಹೆರಿಗೆಗೆ ಕರೆತಂದ ಮೇಲೆ ಒಂದು ಸಲ ಆ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಹಿಪ್ಪಲಿ, ಒಣಶುಂಠಿ, ಓಮ, ಬಜೆ, ಜೇಷ್ಠಮಧು, ಬೇರು, ಚಕ್ಕೆ ಎಲ್ಲ ಅಲ್ಲಿ. ಚನ್ನಲಿಂಗಪ್ಪನವರು ಬರೀ ಸಾಮಾನು ಮಾರುವವರಲ್ಲ. ಹಾಲು ಕಮ್ಮಿಯೇ, ನಡುನೋವೇ, ಕೆಮ್ಮೇ ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ಪೊಟ್ಟಣ ಕಟ್ಟಿ, ಹೇಗೆ ಕುದಿಸಬೇಕು ಅಂತ ಹೇಳಿ ಕಳಿಸುತ್ತಿದ್ದರು. ಅವರ ಅಪ್ಪನ ಕಾಲದಿಂದ ಹಾಗೇ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಆ ಮನೆಯ ಮಟ್ಟಿಗೆ ಶುದ್ಧ ಸುಳ್ಳು.

ಅಂಥವರ ಮಗಳು ಕವನ ಚೊಚ್ಚಲ ಹೆರಿಗೆಗೆ ಕನಕಪುರದ ಗಂಡನ ಮನೆಯಿಂದ ಬಂದಳು. ಹೆರಿಗೆ ಸುಸೂತ್ರವಾಗಿ ಆಯಿತು, ಗಂಡು ಮಗು. ತಾಯಿ ಗಿರಿಜಾಂಬ ಮಗಳ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ನಡುಕಟ್ಟು ಕಟ್ಟಿ ಒಳಕೋಣೆಯಲ್ಲಿ ಮಲಗಿಸಿದರು. ಬೆಳಿಗ್ಗೆ ಎಣ್ಣೆನೀರು, ಆಮೇಲೆ ಸಾಂಬ್ರಾಣಿ ಹೊಗೆ. ಮಧ್ಯಾಹ್ನಕ್ಕೆ ತುಪ್ಪ ಸುರಿದ ಬಿಸಿ ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ. ಕವನಳ ಅಣ್ಣ ರುದ್ರಪ್ರಸಾದ್ ಬಿಡದಿಯ ಫ್ಯಾಕ್ಟರಿಯಲ್ಲಿ ಕಾರಿನ ಬಿಡಿಭಾಗ ಜೋಡಿಸುವವನು. ಶಿಫ್ಟ್ ಮುಗಿಸಿ ಬಂದು ಕೋಣೆ ಬಾಗಿಲಲ್ಲಿ ಮೂಗು ಹಿಡಿದು ನಿಲ್ಲುತ್ತಿದ್ದ.

“ಏನಮ್ಮ, ಬಾಣಂತನ ಮಾಡ್ತಿದ್ದೀಯೋ, ಇವಳ್ನ ಹೊಗೆಸೊಪ್ಪಿನಂಗೆ ಹದ ಮಾಡ್ತಿದ್ದೀಯೋ?”

“ನಿನ್ನ ಹೆಂಡ್ತಿ ಬರ್ಲಿ, ಅವಾಗ ಗೊತ್ತಾಯ್ತದೆ, ಸುಮ್ಕಿರೋ.”

“ಮೊದ್ಲು ಹೆಣ್ಣು ಸಿಗ್ಲಿ ತಡಿಯಮ್ಮ,” ಅಂತ ಕವನ ಮುಸುಕಿನೊಳಗಿಂದ ನಗುತ್ತಿದ್ದಳು.

ತಿಂಗಳು ತುಂಬುವ ಹೊತ್ತಿಗೆ ಆ ನಗು ನಿಂತಿತು. ಪಾದ ಊದಿಕೊಂಡವು. ಬೆರಳಲ್ಲಿ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ ತೆಗೆಯುತ್ತಿದ್ದಳು. ಬಚ್ಚಲಿಂದ ಕೋಣೆಗೆ ಬರುವಷ್ಟರಲ್ಲಿ ಕೆರೆ ಏರಿ ಹತ್ತಿದವಳ ಹಾಗೆ ಏದುಸಿರು. ಗಿರಿಜಾಂಬ ಶೀತ ಅಂದರು. ಚನ್ನಲಿಂಗಪ್ಪ ವಾಯು ಅಂದು ಇಂಗಿನ ಪೊಟ್ಟಣ ತಂದರು. ರುದ್ರಪ್ರಸಾದ್ ಒಂದು ದಿನ ತಟ್ಟೆ ಮುಂದಿಂದ ಎದ್ದೇಬಿಟ್ಟ.

“ಅಪ್ಪಾಜಿ, ಅವಳ್ನ ನೋಡಿದ್ದೀರಾ? ಒಂದ್ ಮಾತಾಡಕ್ಕೆ ಎರಡ್ ಸಲ ಉಸಿರು ತಗೋತಾಳೆ. ನಾಳೆ ರಾಮನಗರಕ್ಕೆ ಕರ್ಕೊಂಡೋಯ್ತೀನಿ.”

“ಹಸಿ ಬಾಣಂತೀನ ಗಾಳಿಗೆ ಹೊರಡಿಸ್ತಾರೇನೋ?” ಅಂದರು ಗಿರಿಜಾಂಬ.

“ಗಾಳಿನೇ ಸಿಗ್ತಿಲ್ಲ ಕಣಮ್ಮ ಅವಳ್ಗೆ!”

ಚನ್ನಲಿಂಗಪ್ಪ ಮಗಳ ಮುಖ ನೋಡಿದರು. ಆಮೇಲೆ ಕೈ ತೊಳೆದುಕೊಂಡು, “ಕರ್ಕೊಂಡೋಗು. ಕಾರು ಮಾಡ್ಕೊ. ನಾನೂ ಬತ್ತೀನಿ,” ಅಂದರು. ಹಠಮಾರಿ ಮನುಷ್ಯನಲ್ಲ ಅವರು. ಹಠಮಾರಿಯಾಗಿದ್ದಿದ್ದರೆ ಈ ಕಥೆಯಲ್ಲಿ ಒಬ್ಬರನ್ನು ಬೈದುಕೊಂಡು ಹಗುರಾಗಬಹುದಿತ್ತು.

ರಾಮನಗರದ ಹೃದಯದ ಡಾಕ್ಟರು ಸ್ಕ್ಯಾನ್ ಮಾಡಿ ಕೂರಿಸಿಕೊಂಡು ಹೇಳಿದರು. ಹೃದಯ ಹಿಗ್ಗಿದೆ, ರಕ್ತ ಒತ್ತುವ ಬಲ ಕಳೆದುಕೊಂಡಿದೆ, ಅದಕ್ಕೇ ಮೈಯಲ್ಲಿ ನೀರು ನಿಂತಿದೆ.

“ನಮ್ಮ ವಂಶದಲ್ಲೇ ಹಾರ್ಟಿನ ಕಾಯ್ಲೆ ಇಲ್ಲ ಸಾರ್,” ಅಂದರು ಚನ್ನಲಿಂಗಪ್ಪ.

“ವಂಶದ ಮಾತಲ್ಲ ಯಜಮಾನರೇ. ಕೆಲವು ಹೆಣ್ಣುಮಕ್ಕಳಿಗೆ ಹೆರಿಗೆ ಆದಮೇಲೆ ಹೀಗಾಗುತ್ತೆ. ಎಷ್ಟೋ ಜನ ಪೂರ್ತಿ ಚೇತರಿಸಿಕೊಂಡಿದ್ದಾರೆ. ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು. ಉಪ್ಪು ಕಮ್ಮಿ, ನೀರು ಅಳತೆ. ಹಾಲು ಕಮ್ಮಿಯಾದರೆ ಮಗುವಿಗೆ ಡಬ್ಬದ ಹಾಲು ಕೊಡಿ.” ಒಂದು ಮಾತ್ರೆಯ ಹಾಳೆಯನ್ನು ಎತ್ತಿ ತೋರಿಸಿದರು. “ಇದರಿಂದ ಕೆಲವರಿಗೆ ಒಣಕೆಮ್ಮು ಬರುತ್ತೆ. ಬಂದರೆ ನನ್ನ ಹತ್ತಿರ ಬನ್ನಿ, ಬದಲಾಯಿಸಿ ಕೊಡ್ತೀನಿ.”

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಮನೆಯಲ್ಲಿ ರಗಳೆ ಶುರುವಾಯಿತು. ಉಪ್ಪಿನ ಡಬ್ಬಿಯನ್ನು ರುದ್ರಪ್ರಸಾದ್ ಅಟ್ಟದ ಮೇಲಿಟ್ಟ. ಗಿರಿಜಾಂಬ ಅದನ್ನು ಇಳಿಸಿದರು. ಅವನು ಮತ್ತೆ ಹತ್ತಿಸಿದ.

“ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ಹಾಲು ಕುಡ್ಸೋ ಹೆಣ್ಣು ಸಪ್ಪೆ ಸಾರು ಹೆಂಗೆ ಉಣ್ತಾಳೋ?”

“ತಾಯಿ ನೀನಿದ್ದೀಯಲ್ಲ, ಉಪ್ಪು ಬುಟ್ಟಾಕು.”

ಗಿರಿಜಾಂಬ ಗೊಣಗಿದರು, ಸೆರಗಲ್ಲಿ ಕಣ್ಣೊರೆಸಿಕೊಂಡರು. ಮಾರನೆಯ ದಿನದಿಂದ ಮಗಳಿಗೆ ಬಡಿಸಿದ ಸಪ್ಪೆ ಸಾರನ್ನೇ ತಾವೂ ಉಂಡರು. “ನೀನು ಬೇರೆ ಮಾಡ್ಕೊಳಮ್ಮ,” ಅಂತ ಕವನ ಎಷ್ಟು ಹೇಳಿದರೂ ಕೇಳಲಿಲ್ಲ. “ನಿನ್ಗೆ ಸೇರೋದು ನನ್ಗೂ ಸೇರ್ತದೆ ಬುಡು,” ಅಂದರು. ಆ ಸಪ್ಪೆ ಊಟ ಆಮೇಲೂ ಅವರಿಗೆ ತಪ್ಪಲಿಲ್ಲ, ರುಚಿಯೇ ಹೋಯಿತಲ್ಲ, ಆದರೆ ಅದು ಮುಂದಿನ ಮಾತು.

ಮಾತ್ರೆ ಕೆಲಸ ಮಾಡಿತು. ಊತ ಇಳಿದು ಕಾಲ ಗಿಣ್ಣು ಕಂಡವು. ಕವನ ಚಾಪೆಯ ಮೇಲೆ ಬೆನ್ನು ಊರಿ ಮಲಗಿದಳು. ಹಾಲು ಕಮ್ಮಿಯಾಗಿದ್ದಕ್ಕೆ ಎರಡು ದಿನ ಅತ್ತಳು, ಆಮೇಲೆ ತಾನೇ ಡಬ್ಬದ ಹಾಲು ಕಲಸಿ ಮಗುವಿಗೆ ಕುಡಿಸಿದಳು. ಗಂಡ ಉಮಾಪತಿ ಕನಕಪುರದ ಹತ್ತಿರ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಭಾನುವಾರ ಬಂದವನು ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತ.

“ಯಾವಾಗ ಬತ್ತೀಯ? ಅಲ್ಲಿ ಅಮ್ಮ ದಿನಾ ಕೇಳ್ತಾಳೆ.”

“ಯಾಕೆ, ಬಟ್ಟೆ ಒಗೆದು ಸಾಕಾಯ್ತಾ?”

“ನನ್ ಬಟ್ಟೆ ಬುಡು. ಮನೆ ಬಿಕೋ ಅಂತದೆ.”

ಕವನಳ ಮುಖ ಕೆಂಪಾಯಿತು. ಬಾಗಿಲ ಹೊರಗೆ ನಿಂತಿದ್ದ ಗಿರಿಜಾಂಬ ಅದನ್ನು ಕಂಡು ಅಡುಗೆಮನೆಗೆ ಓಡಿ ಅಳಿಯನಿಗೆ ಪಾಯಸಕ್ಕೆ ಇಟ್ಟರು. ಎಲ್ಲರಿಗೂ ಗೆದ್ದೆವು ಅನ್ನಿಸಿತ್ತು.

ಆಮೇಲೆ ಬಂತು ಕೆಮ್ಮು. ಕಫವಿಲ್ಲ, ಜ್ವರವಿಲ್ಲ, ಬರೀ ಖೊಕ್ ಖೊಕ್ ಅಂತ ಒಣಕೆಮ್ಮು. ಮಗು ಬೆಚ್ಚಿ ಬೀಳುತ್ತಿತ್ತು. ರುದ್ರಪ್ರಸಾದ್ ಹೆಲ್ಮೆಟ್ ಕೈಲಿ ಹಿಡಿದುಕೊಂಡೇ ಹೇಳಿದ.

“ಡಾಕ್ಟ್ರು ಹೇಳಿದ್ರಲ್ಲ ಅಪ್ಪಾಜಿ, ಕೆಮ್ಮು ಬಂದ್ರೆ ಬನ್ನಿ ಅಂತ. ನಾಳೆ ರಜ ಕೇಳ್ತೀನಿ.”

ಚನ್ನಲಿಂಗಪ್ಪ ನಕ್ಕರು. “ಕೆಮ್ಮಿಗೆ ರಾಮನಗರಕ್ಕೋಗೋದೇನ್ಲಾ? ಇಡೀ ತಾಲ್ಲೂಕು ಕೆಮ್ಮು ಅಂದ್ರೆ ನನ್ನಂಗಡಿಗೆ ಬತ್ತದೆ. ನನ್ ಮಗ್ಳು ಕೆಮ್ಮಿಗೆ ಡಾಕ್ಟ್ರ ಹತ್ರ ಹೋದ್ಲು ಅಂದ್ರೆ ಜನ ಏನಂದಾರು?”

“ಜನ ಕಟ್ಕೊಂಡು ಏನಾಗ್ಬೇಕು?”

“ನೋಡು ರುದ್ರ, ಹಾರ್ಟಿಗೆ ಅವರ ಮಾತ್ರೆ. ನಾನೇನಾದ್ರೂ ಅಡ್ಡ ಬಂದ್ನಾ? ಉಪ್ಪು ಬೇಡ ಅಂದ್ರು, ಬುಟ್ವಿ. ಕೆಮ್ಮು ನಂದು. ಬೇರು ಕಣೋ, ಬರೀ ಬೇರು. ಅದೇನು ಮಾಡ್ತದೆ?”

ರುದ್ರಪ್ರಸಾದ್‌ಗೂ ಅದು ಸರಿ ಅನ್ನಿಸಿತು. ಅವನೂ ಆ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತು ಬೆಳೆದವನೇ, ಚಿಕ್ಕಂದಿನಲ್ಲಿ ಜೇಷ್ಠಮಧುವಿನ ಕಡ್ಡಿಯನ್ನು ಕಬ್ಬಿನ ಹಾಗೆ ಅಗಿದವನೇ. ಹೂಂ ಅಂದು ಕೆಲಸಕ್ಕೆ ಹೋದ.

ಅವತ್ತೇ ಚನ್ನಲಿಂಗಪ್ಪ ಅಂಗಡಿಯಿಂದ ದಪ್ಪ ದಪ್ಪ ಜೇಷ್ಠಮಧು ಆರಿಸಿ ತಂದರು. ಗಿರಾಕಿಗಳಿಗೆ ಕೊಡುವುದಕ್ಕಿಂತ ಒಂದು ಹಿಡಿ ಜಾಸ್ತಿಯೇ. ಮಗಳಲ್ಲವೇ! ಗಿರಿಜಾಂಬ ಜಜ್ಜಿ, ಒಂದು ಚೊಂಬು ನೀರು ಅರ್ಧಕ್ಕೆ ಇಂಗುವವರೆಗೂ ಕುದಿಸಿ, ಶೋಧಿಸಿ ಕೊಟ್ಟರು. ಸಿಹಿಸಿಹಿ. ಸಪ್ಪೆ ತಿಂದು ಬೇಸತ್ತಿದ್ದ ಕವನ ಲೋಟ ನೆಕ್ಕಿ ಕುಡಿದಳು. ಗಂಟಲು ತಣ್ಣಗಾಯಿತು, ಕೆಮ್ಮು ಇಳಿಯಿತು. ಚನ್ನಲಿಂಗಪ್ಪ ಮಗನ ಕಡೆ ನೋಡಿ ಮೀಸೆ ತಿರುವಿದರು. ಬಿಟ್ಟರೆ ಕೆಮ್ಮು ಮರಳುತ್ತದೆಂದು ಹೊತ್ತೊತ್ತಿಗೂ ಮಾಡಿದರು. ಪಾಪ, ಆ ಮನೆಯಲ್ಲಿ ಅಷ್ಟು ಅಕ್ಕರೆಯಿಂದ ಏನನ್ನೂ ಕುದಿಸಿರಲಿಲ್ಲ.

ಕೆಲವು ದಿನಕ್ಕೆ ಪಾದ ಮತ್ತೆ ಮಿಂಚತೊಡಗಿದವು, ಊದಿ ಬಿಗಿದು. ಮೀನಖಂಡ ಸೆಳೆಯುತ್ತದೆ ಅಂದಳು ಕವನ. ಕೈಯಲ್ಲಿ ಮಗುವನ್ನು ಎತ್ತಲು ತ್ರಾಣ ಸಾಲದು ಅಂದಳು.

“ಅಮ್ಮ, ಇದು ಕುಡಿಯಕ್ಕೆ ಸುರು ಮಾಡಿದ್ಮೇಲೇ ಕಾಲು ಊದ್ಕಂಡಿದ್ದು ಅನ್ಸುತ್ತೆ. ಒಸಿ ದಿನ ಬುಟ್ಟು ನೋಡಣ.”

ಗಿರಿಜಾಂಬ ಲೋಟ ಹಿಡಿದೇ ನಿಂತಿದ್ದರು. ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದಿದ್ದ ಹೆಣ್ಣು, ರೇಗಿಬಿಟ್ಟರು.

“ಲೇ, ನಿಮ್ಮಪ್ಪ ನಿನ್ಗೆ ವಿಷ ಕೊಡ್ತಾರೇನೇ?”

ಅದಾದ ಮೇಲೆ ಕವನ ಆ ಮಾತು ಎತ್ತಲಿಲ್ಲ. ಕೊಟ್ಟಷ್ಟು ಹೊತ್ತೂ ಕುಡಿದಳು.

ಡಾಕ್ಟರಿಗೆ ತೋರಿಸುವ ದಿನ ರುದ್ರಪ್ರಸಾದ್‌ಗೆ ಶಿಫ್ಟ್ ಇತ್ತು. ಚನ್ನಲಿಂಗಪ್ಪನವರೇ ಅಂಗಡಿ ಬಾಗಿಲು ಹಾಕಿ ಮಗಳನ್ನು ಕರೆದುಕೊಂಡು ಹೋದರು. ಡಾಕ್ಟರು ಕಾಲು ಒತ್ತಿ ನೋಡಿ ಹುಬ್ಬು ಗಂಟು ಹಾಕಿದರು.

“ಇಳಿದಿದ್ದ ನೀರು ಮತ್ತೆ ತುಂಬಿದೆ. ಉಪ್ಪು?”

“ನಮ್ಮನೇಲಿ ಉಪ್ಪಿನ ಡಬ್ಬಿನೇ ಕೆಳಗಿಳ್ದಿಲ್ಲ ಸಾರ್.”

“ಕೆಮ್ಮು?”

“ಇತ್ತು, ಈಗಿಲ್ಲ.”

“ಒಳ್ಳೇದು. ಬೇರೆ ಏನಾದರೂ ಔಷಧಿ ಕೊಡ್ತಿದ್ದೀರಾ?”

“ಔಷಧಿ ಏನೂ ಇಲ್ಲ ಸಾರ್. ಬಾಣಂತಿ ಊಟ, ನಿಮ್ಮ ಮಾತ್ರೆ, ಅಷ್ಟೇ.”

ಸುಳ್ಳು ಹೇಳಿದರು ಅಂತ ಯಾರೂ ತಿಳಿಯಬೇಡಿ. ಕಾಯಿಲೆಗೆ ಕೊಡುವುದು ಔಷಧಿ, ಮನೆ ಒಲೆ ಮೇಲೆ ಕುದಿಯುವುದು ಕಷಾಯ. ಕಾಫಿಯನ್ನು ಯಾರಾದರೂ ಔಷಧಿ ಅಂತ ಹೇಳುತ್ತಾರೆಯೇ? ಅವರಿಗೆ ಅದು ಹಾಗೆ. ಡಾಕ್ಟರು ಕವನಳ ಕಡೆ ತಿರುಗಿ, “ಏನಮ್ಮ?” ಅಂದರು. ಕವನ ಅಪ್ಪನ ಮುಖ ನೋಡಿದಳು.

“ಇಲ್ಲ ಸಾರ್.”

ಡಾಕ್ಟರು ನೀರಿಳಿಸುವ ಮಾತ್ರೆಯನ್ನು ಹೆಚ್ಚಿಸಿ ಬರೆದರು, ರಕ್ತ ಪರೀಕ್ಷೆಗೆ ಮುಂದಿನ ವಾರ ಬರಲು ಹೇಳಿದರು. ವಾಪಸು ಬರುವಾಗ ಕಾರಿನಲ್ಲಿ ಕವನ ಮೆಲ್ಲಗೆ ಕೇಳಿದಳು.

“ಕಷಾಯದ ವಿಷ್ಯ ಹೇಳ್ಬೇಕಿತ್ತೇನೋ ಅಪ್ಪಾಜಿ.”

“ಅದೇನು ಹೇಳೋದು ಮಗಾ? ನಕ್ಕಾರು.”

“ನನ್ಗೂ ಹೇಳನ ಅನ್ನುಸ್ತು. ಆಮೇಲೆ ನೀವು ಬೇಜಾರ್ ಮಾಡ್ಕೋತೀರ ಅಂತ ಸುಮ್ಕಾದೆ.”

“ಹುಚ್ಚುಮುಂಡೇದೆ,” ಅಂತ ಚನ್ನಲಿಂಗಪ್ಪ ಮಗಳ ತಲೆ ಸವರಿ, ಕಿಟಕಿಯ ಗಾಳಿ ತಾಗದಂತೆ ಶಾಲನ್ನು ಕಿವಿಯವರೆಗೂ ಎಳೆದರು.

ಆ ಮುಂದಿನ ವಾರ ಬರಲೇ ಇಲ್ಲ. ಒಂದು ಬೆಳಿಗ್ಗೆ ಗಿರಿಜಾಂಬ ನೀರೆರೆದು, ಕಷಾಯ ಕುಡಿಸಿ, ಕೂದಲು ಆರಿಸಲು ಕೂರಿಸಿದ್ದರು. ಮಗು ಕವನಳ ತೊಡೆ ಮೇಲಿತ್ತು. ಎದೆ ದಡದಡ ಅಂತದೆ ಅಂದಳು. ಗಿರಿಜಾಂಬ ಸಿಕ್ಕು ಬಿಡಿಸುತ್ತಾ, “ತಡಿ, ಒಸಿ ಬಿಸಿನೀರು ತತ್ತೀನಿ,” ಅಂದರು. ಕವನ ಅವರ ಸೆರಗು ಹಿಡಿದಳು.

“ಅಮ್ಮ, ಮಗೂನ ತಗೋ. ಬೇಗ ತಗೋ.”

ಗಿರಿಜಾಂಬ ಮಗುವನ್ನು ಎತ್ತಿಕೊಂಡರು. ಕವನ ಗೋಡೆ ಬದಿಗೆ ಜಾರಿದಳು. ಅಷ್ಟೇ. ಪಕ್ಕದ ಮನೆಯ ಮುನಾವರ್ ತನ್ನ ಟೆಂಪೋ ತಂದ, ರುದ್ರಪ್ರಸಾದ್ ಬಿಡದಿಯಿಂದ ಬೈಕಿನಲ್ಲಿ ರಾಮನಗರದ ಆಸ್ಪತ್ರೆಗೆ ಧಾವಿಸಿದ, ಡಾಕ್ಟರು ಎದೆ ಒತ್ತಿದರು, ಕರೆಂಟ್ ಕೊಟ್ಟರು. ಕವನ ಹೋಗಿದ್ದಳು. ಇಪ್ಪತ್ತಮೂರು ವರ್ಷದ ಹುಡುಗಿ, ತಲೆ ಕೂದಲು ಇನ್ನೂ ಹಸಿಯಿತ್ತು.

ಡಾಕ್ಟರು ಅಪ್ಪ ಮಗನನ್ನು ಒಳಗೆ ಕರೆದರು. ಅವರ ಮುಖವೂ ಕಳೆಗುಂದಿತ್ತು.

“ಈಗ ತೆಗೆದ ರಕ್ತದ ರಿಪೋರ್ಟ್ ಬಂತು. ಪೊಟ್ಯಾಸಿಯಂ ಅನ್ನೋದು ಪೂರ್ತಿ ಇಳಿದುಹೋಗಿದೆ. ನನ್ನ ಮಾತ್ರೆ ಒಂದರಿಂದಲೇ ಇಷ್ಟು ಇಳಿಯೋದು ಕಷ್ಟ. ದಯವಿಟ್ಟು ಹೇಳಿ, ಬೇರೆ ಏನು ಕೊಟ್ರಿ? ಬೇರು, ಸೊಪ್ಪು, ಏನಾದರೂ?”

“ಜೇಷ್ಠಮಧು ಕಷಾಯ,” ಅಂದ ರುದ್ರಪ್ರಸಾದ್. “ಕೆಮ್ಮಿಗೆ.”

“ದಿನಾ?”

“ದಿನಾ. ಮೂರ್ ಹೊತ್ತು.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಳಿದವರಿಗೆ ಆ ಬೇರು ಒಳ್ಳೆಯದೇ, ಗಂಟಲಿಗೆ ಹಿತ. ಇಂಥ ಹೃದಯದವರಿಗೆ ಆಗದು. ಮೈಯಲ್ಲಿ ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನೀರಿಳಿಸುವ ಮಾತ್ರೆಯೂ ಅದನ್ನೇ ಇಳಿಸುವುದರಿಂದ ಎರಡೂ ಸೇರಿದರೆ ಹೃದಯ ತಾಳ ತಪ್ಪಿ ನಿಂತೇಬಿಡುತ್ತದೆ. ಹೀಗೆ ನಿಧಾನವಾಗಿ ಹೇಳಿದರು. “ನಾನೂ ಬಿಡಿಸಿ ಕೇಳಬೇಕಿತ್ತು. ಗೊತ್ತಾಗಿದ್ದರೆ ಅವತ್ತೇ ನಿಲ್ಲಿಸ್ತಿದ್ದೆ,” ಅಂದರು.

ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತರು ಅಪ್ಪ ಮಗ. ರುದ್ರಪ್ರಸಾದ್ ಕೇಳಿದ.

“ಅಮ್ಮಂಗೆ ಏನ್ ಹೇಳ್ತೀರ?”

“ಏನೂ ಹೇಳ್ಬ್ಯಾಡ ಕಣೋ. ಕುದ್ಸಿದ್ದು ಅವಳು, ಕುಡ್ಸಿದ್ದು ಅವಳು. ಗೊತ್ತಾದ್ರೆ ಅವಳು ಉಳಿಯಲ್ಲ.”

“ತಂದ್ಕೊಟ್ಟಿದ್ದು ನೀವು. ಹೂಂ ಅಂದಿದ್ದು ನಾನು.”

“ನನ್ನ ಮೇಲೇ ಇರ್ಲಿ. ನಿನ್ ಕಾಲಿಗೆ ಬೇಕಾದ್ರೂ ಬೀಳ್ತೀನಿ ರುದ್ರ, ಅವಳ್ಗೆ ಹೇಳ್ಬ್ಯಾಡ.”

ಅಪ್ಪ ನಿಜವಾಗಿ ಬಗ್ಗಿದ್ದನ್ನು ಕಂಡು ರುದ್ರಪ್ರಸಾದ್ ಅವರ ಎರಡೂ ಕೈ ಹಿಡಿದು ಎತ್ತಿ ಗೋಳೋ ಎಂದು ಅತ್ತ.

ಕವನಳನ್ನು ತೋಟದಲ್ಲಿ ಸಮಾಧಿ ಮಾಡಿದರು. ಹನ್ನೊಂದನೆಯ ದಿನದ ಪೂಜೆಯೂ ಮುಗಿಯಿತು. ಗಿರಿಜಾಂಬನಿಗೆ ಯಾರನ್ನಾದರೂ ಬೈಯಲೇಬೇಕಿತ್ತು, ಇಲ್ಲದಿದ್ದರೆ ಎದೆ ಒಡೆಯುತ್ತಿತ್ತು. ಅವರು ಮಗನನ್ನು ಹಿಡಿದುಕೊಂಡರು.

“ಆ ಮಾತ್ರೆಗಳೇ ಕೊಂದಿದ್ದು ನನ್ ಮಗ್ಳನ್ನ. ಬ್ಯಾಡ ಅಂದೆ, ಗಾಳಿಗೆ ಹೊರಡಿಸ್ಬ್ಯಾಡ ಅಂದೆ. ಕೇಳ್ದೇನೋ ನೀನು? ಆಸ್ಪತ್ರೆ, ಆಸ್ಪತ್ರೆ ಅಂತ ಕುಣ್ದೆ!”

ರುದ್ರಪ್ರಸಾದ್ ತಟ್ಟೆಯಲ್ಲಿ ಬೆರಳಾಡಿಸುತ್ತಾ ಅಪ್ಪನನ್ನು ನೋಡಿದ. ಚನ್ನಲಿಂಗಪ್ಪ ತಲೆ ಎತ್ತಲಿಲ್ಲ.

“ಹೂಂ ಅಮ್ಮ, ನಂದೇ ತಪ್ಪು,” ಅಂದ ಮಗ.

ಅಂಥ ಮಾತು ಕೇಳಿ ಕೇಳಿ ಅವನು ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ತಿಂದು ಬಂದು ಮಲಗುತ್ತಿದ್ದ. ಒಂದು ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡುವ ಮುಂಚೆ ಅಪ್ಪನಿಗೆ ಹೇಳಿದ: “ನನ್ನ ಬೈದ್ರೆ ಬೈಯ್ಲಿ ಅಪ್ಪಾಜಿ, ತಡ್ಕೋತೀನಿ. ಆದ್ರೆ ನಾಳೆ ಇನ್ಯಾರ್ಗೋ ಕಾಯ್ಲೆ ಆದ್ರೆ ಅಮ್ಮ ಆಸ್ಪತ್ರೆ ಮೆಟ್ಲು ಹತ್ತಿಸ್ತಾಳಾ? ಯೋಚ್ನೆ ಮಾಡಿ.” ಚನ್ನಲಿಂಗಪ್ಪ ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಹೋದರು.

ಗಿರಿಜಾಂಬನನ್ನು ಉಳಿಸಿದ್ದು ಮಗು. ವರ್ಷ ತುಂಬುವವರೆಗೆ ಅತ್ತೆಯ ಹತ್ತಿರವೇ ಇರಲಿ ಎಂದು ಉಮಾಪತಿ ಒಪ್ಪಿದ್ದ. ಅವನ ತಾಯಿಗೆ ಅಷ್ಟು ಇಷ್ಟವಿರಲಿಲ್ಲ, ಆದರೂ ಸುಮ್ಮನಿದ್ದರು. ಗಿರಿಜಾಂಬ ಮಗುವಿಗೆ ಹಾಲು ಕಲಸಲೆಂದು ಏಳುತ್ತಿದ್ದರು, ಮಗುವಿನ ಬಟ್ಟೆ ಒಗೆಯಲೆಂದು ಬಿಸಿಲಿಗೆ ಬರುತ್ತಿದ್ದರು. ಅದು ನಕ್ಕರೆ ಕವನಳ ಹಾಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. “ನೋಡ್ರೀ, ನೋಡ್ರೀ, ಅವಳೇ,” ಅಂತ ಗಂಡನನ್ನು ಕೂಗುತ್ತಿದ್ದರು.

ಚಳಿ ಬಿದ್ದ ಕಾಲ. ಮಗುವಿಗೆ ಕೆಮ್ಮು ಬಂತು, ಮೂಗು ಕಟ್ಟಿ ಎದೆ ಗೊರಗೊರ ಅನ್ನತೊಡಗಿತು. ಮಧ್ಯಾಹ್ನ ಊಟಕ್ಕೆ ಬಂದ ಚನ್ನಲಿಂಗಪ್ಪ ಮಗುವಿನ ಮೈ ಮುಟ್ಟಿ ನೋಡಿದರು. ಕಾದ ಹೆಂಚು.

“ಏಳು ಗಿರಿಜಾ, ಡಾಕ್ಟ್ರಿಗೆ ತೋರ್ಸಣ.”

ಗಿರಿಜಾಂಬ ಸಾಣೆಕಲ್ಲಿನ ಮುಂದೆ ಕೂತು ಹಾಲಿನಲ್ಲಿ ಬಜೆ ತೇಯುತ್ತಿದ್ದರು. ಪಕ್ಕದಲ್ಲಿ ಜೇಷ್ಠಮಧುವಿನ ತುಂಡು.

“ಡಾಕ್ಟ್ರಾ? ಒಂದನ್ನ ಅವರ ಬಾಯಿಗೆ ಹಾಕಿದ್ದು ಸಾಲ್ದಾ? ಸಾಯೋವರ್ಗೂ ಈ ಮಗೂನ ಅಲ್ಲಿಗೆ ಕಳ್ಸಲ್ಲ.”

“ಜ್ವರ ಕಣೆ ಅದಕ್ಕೆ!”

“ನಿಮ್ಮಂಗಡಿ ಬೇರು ಐತೆ. ತಲೆತಲಾಂತರದಿಂದ ಊರ ಮಕ್ಕಳನ್ನೆಲ್ಲ ಸಾಕೈತೆ. ನಮ್ಮ ಮಗೂನ ಸಾಕಲ್ವಾ?”

ಚನ್ನಲಿಂಗಪ್ಪ ಬಾಯಿ ತೆರೆದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೆಂಡತಿಯ ಮುಖ ನೋಡಿದರು. ಕೆನ್ನೆ ಬತ್ತಿ, ಕೂದಲೆಲ್ಲ ಒಮ್ಮೆಗೇ ಬೆಳ್ಳಗಾಗಿ, ತೇಯ್ದದ್ದನ್ನು ಬೆರಳ ತುದಿಯಲ್ಲಿ ತೆಗೆದು ಮಗುವಿನ ಬಾಯಿಯ ಹತ್ತಿರ ಹಿಡಿದಿದ್ದರು. ಮಗುವನ್ನು ಕಿತ್ತುಕೊಂಡು ಬೀದಿಗೆ ಇಳಿದರು, ಹಿಂದೆ ಗಿರಿಜಾಂಬ ಕಿರುಚುತ್ತಾ ಬಂದರೂ ನಿಲ್ಲದೆ ಪೇಟೆಯ ಮಕ್ಕಳ ಡಾಕ್ಟರಿಗೆ ತೋರಿಸಿದರು. ಎರಡು ದಿನಕ್ಕೆ ಜ್ವರ ಬಿಟ್ಟಿತು. ಅಂಗಡಿಯ ಫೋನಿನಿಂದ ಕನಕಪುರಕ್ಕೆ ಮಾತಾಡಿದರು.

ಭಾನುವಾರ ಉಮಾಪತಿ ತಾಯಿಯನ್ನು ಕರೆದುಕೊಂಡು ಕಾರಿನಲ್ಲಿ ಬಂದ. ಗಿರಿಜಾಂಬ ಬೀಗರು ಮಗು ನೋಡಲು ಬಂದಿದ್ದಾರೆಂದು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಚನ್ನಲಿಂಗಪ್ಪ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುವುದು ಕಂಡು ಈಳಿಗೆಮಣೆ ಬಿಟ್ಟು ಎದ್ದರು.

“ಏನ್ರೀ ಇದು?”

“ಅವರು ಕರ್ಕೊಂಡೋಗ್ಲಿ ಕಣೆ. ಅವರ ಮನೆ ಕೂಸು.”

“ವರ್ಷ ತುಂಬೋವರ್ಗೂ ಅಂತ ಮಾತಾಗಿತ್ತಲ್ಲ! ಉಮಾಪತಿ, ನೀನೇ ಹೇಳಪ್ಪ!”

“ಮಾವನೇ ಕರೆಸಿದ್ದು ಅತ್ತೆ,” ಅಂದ ಉಮಾಪತಿ ನೆಲ ನೋಡುತ್ತಾ.

ಚನ್ನಲಿಂಗಪ್ಪ ತೊಟ್ಟಿಲಿಂದ ಮಗುವನ್ನು ಎತ್ತಿಕೊಂಡರು. ಬೀಗಿತ್ತಿಗೆ, “ಏನೇ ಕಾಯ್ಲೆ ಬರ್ಲಿ ತಾಯಿ, ಆಸ್ಪತ್ರೆಗೆ ತೋರ್ಸಿ. ನಮ್ಮನ್ನ ಕೇಳ್ಬ್ಯಾಡಿ,” ಅಂದರು. ಬಾಗಿಲಲ್ಲಿ ನಿಂತಿದ್ದ ರುದ್ರಪ್ರಸಾದ್ ಗೋಡೆಗೆ ಮುಖ ಮಾಡಿದ.

ಗಿರಿಜಾಂಬ ಗಂಡನ ತೋಳಿಗೆ ಜೋತುಬಿದ್ದರು.

“ಅದೊಂದಕ್ಕೋಸ್ಕರ ಬದುಕಿದ್ದೀನಿ ಕಣ್ರೀ! ನಾನೇನು ತಪ್ಪು ಮಾಡ್ದೆ? ನನ್ನ ಕೈಯಿಂದ ಯಾಕೆ ಕಿತ್ಕೋತೀರ? ಹೇಳ್ರೀ, ಒಂದೇ ಒಂದು ತಪ್ಪು ತೋರ್ಸ್ರೀ!”

“ನೀನೇನೂ ತಪ್ಪು ಮಾಡ್ಲಿಲ್ಲ ಕಣೆ,” ಅಂದರು ಚನ್ನಲಿಂಗಪ್ಪ. ಮಗುವನ್ನು ಬೀಗಿತ್ತಿಯ ಕೈಗೆ ಕೊಟ್ಟರು.